ಕೆಂಚನನ್ನು ವಾಕಿಂಗ್ ಕರೆದೊಯ್ಯುವವರಿಗೆ

ನಾಯಿಗಳ ಶೆಲ್ಟರ್‌ಗೆ ಹೊಸದಾಗಿ ಬರುವ ಗೆಳೆಯರೆಲ್ಲ ಇದನ್ನೊಮ್ಮೆ ಓದಿ. ಕೆಂಚ ಯಾರನ್ನು ಕಂಡರೂ ಬಾಲ ಅಲ್ಲಾಡಿಸುತ್ತಾ ಮೈಮೇಲೆ ಹಾರುತ್ತಾನೆ. ಪ್ರೀತಿಗೇ ಹಾರುವುದು, ಆದರೆ ದತ್ತು ಪಡೆಯಲು ಬಂದವರ ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಅದೊಂದೇ ಕಾರಣಕ್ಕೆ ಬೇಡ ಅಂದುಬಿಡುತ್ತಾರೆ. ಹಾರಿದಾಗ ಬೈಯಬೇಡಿ, ತಳ್ಳಲೂಬೇಡಿ. ತಳ್ಳಿದರೆ ಅವನಿಗದು ಆಟ. ಮುಖ ತಿರುಗಿಸಿ ಸುಮ್ಮನೆ ನಿಲ್ಲಿ. ನಾಲ್ಕೂ ಕಾಲು ನೆಲದಲ್ಲಿದ್ದ ಕ್ಷಣವೇ ಕತ್ತು ಸವರಿ, ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಮೂಳೆಯಿಲ್ಲದ ಚೂರು ಕೊಡಿ. ಎಲ್ಲರೂ ಹೀಗೇ ಮಾಡಬೇಕು. ಒಬ್ಬರು ಹಾರಲು ಬಿಟ್ಟರೂ ಉಳಿದವರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕತ್ತಿನ ಪಟ್ಟಿಗಿಂತ ಎದೆ ಸುತ್ತ ಕಟ್ಟುವ ಹಾರ್ನೆಸ್ ಒಳ್ಳೆಯದು. ಗೇಟು ತೆರೆಯುವ ಮುಂಚೆ ಬಕಲ್ ಎಳೆದು ನೋಡಿ. ಪಟಾಕಿ ಸದ್ದಿಗೆ ಬೆಚ್ಚಿ ಹಿಂದಕ್ಕೆ ಜಗ್ಗಿದರೆ ಸಡಿಲ ಪಟ್ಟಿ ಕಳಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಿ, ಐದಾರು ಸೆಕೆಂಡು ತಾಳಲಾಗದಿದ್ದರೆ ಅವನ ಪಾದಕ್ಕೂ ಸುಡುತ್ತದೆ. ಬೆಳಿಗ್ಗೆ ಬೇಗ ಹೊರಡುವುದೇ ಲೇಸು. ಬೀದಿನಾಯಿಗಳು ಎದುರಾದರೆ ಓಡಬೇಡಿ, ನಿಧಾನವಾಗಿ ರಸ್ತೆಯ ಆಚೆ ಬದಿಗೆ ಹೋಗಿ.

ಮರದ ಬುಡ ಮೂಸುತ್ತಾ ನಿಂತರೆ ದಯವಿಟ್ಟು ಎಳೆಯಬೇಡಿ. ಇಡೀ ದಿನ ಗೂಡಿನಲ್ಲಿರುವ ಜೀವಕ್ಕೆ ಎಷ್ಟು ದೂರ ನಡೆದೆವು ಅನ್ನುವುದಕ್ಕಿಂತ ಅದೇ ಮುಖ್ಯ, ಮೂಸಿ ಮೂಸಿ ಅವನ ಮನಸ್ಸು ಶಾಂತವಾಗುತ್ತದೆ. ಮರಳಿದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಹತ್ತಿದೆಯೇ ನೋಡಿ. ಆಟದಲ್ಲಿ ಅವನ ಉಗುರೋ ಹಲ್ಲೋ ನಿಮಗೆ ಗೀರಿದರೆ ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ಡಾಕ್ಟರಿಗೆ ತೋರಿಸಿ.