ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸಬರಿಗೆ: ಶಾಲೆಯ ಬೆಲ್ ಶೆಡ್ಯೂಲ್

ನಮ್ಮೂರ ಶಾಲೆಗಳಲ್ಲಿ ಮಕ್ಕಳು ಒಂದೇ ಕ್ಲಾಸಿನಲ್ಲಿ ಕೂತಿರುತ್ತಾರೆ, ಬೆಲ್ ಹೊಡೆದರೆ ಮೇಷ್ಟ್ರು ಬದಲಾಗುತ್ತಾರೆ, ಅಲ್ವಾ? ಇಲ್ಲಿ ಮಿಡಲ್ ಸ್ಕೂಲಿನಿಂದ (ಸಾಮಾನ್ಯವಾಗಿ 6ನೇ ತರಗತಿಯಿಂದ) ಅದು ಉಲ್ಟಾ. ಟೀಚರ್ ಸಾಮಾನ್ಯವಾಗಿ ತಮ್ಮ ಕೋಣೆಯಲ್ಲೇ ಇರುತ್ತಾರೆ, ಮಕ್ಕಳೇ ಬ್ಯಾಗ್ ಹೊತ್ತು ಹೋಗಬೇಕು. ಎಲಿಮೆಂಟರಿ ಮಕ್ಕಳಿಗೆ ಈ ಓಡಾಟ ಕಡಿಮೆ. ದಿನದ ಹೆಚ್ಚಿನ ಹೊತ್ತು ಒಬ್ಬರೇ ಟೀಚರ್.

ಕೋಣೆ ಬದಲಾಯಿಸಲು ಕೊಡುವ ಸಮಯಕ್ಕೆ ಪಾಸಿಂಗ್ ಪೀರಿಯಡ್ ಅನ್ನುತ್ತಾರೆ. ಸಿಗುವುದು ಸುಮಾರು 5 ನಿಮಿಷ. ನೀರು, ಬಾತ್‌ರೂಮ್ ಎಲ್ಲ ಅದರೊಳಗೇ. ಹಾಜರಿಯನ್ನು ಪ್ರತಿ ಪೀರಿಯಡ್‌ಗೂ ಹಾಕುತ್ತಾರೆ, ತಡವಾದರೆ 'ಟಾರ್ಡಿ' ಎಂದು ಬರೆಯುತ್ತಾರೆ. ಹಾಗಾಗಿ ಓರಿಯೆಂಟೇಶನ್ ದಿನವೇ ಮಗುವಿನ ಟೈಮ್‌ಟೇಬಲ್ ಹಿಡಿದು, ಅದೇ ಕ್ರಮದಲ್ಲಿ ಕೋಣೆಯಿಂದ ಕೋಣೆಗೆ ಒಮ್ಮೆ ಜೊತೆಯಲ್ಲಿ ನಡೆಯಿರಿ. ದೊಡ್ಡ ಕ್ಯಾಂಪಸ್‌ನಲ್ಲಿ ಇದರಿಂದ ಮಗುವಿಗೆ ಎಷ್ಟು ಧೈರ್ಯ ಬರುತ್ತದೆ ಎಂದು ನೀವೇ ನೋಡುತ್ತೀರಿ.

ಹೊಸಬರಿಗೆ ಜಾಸ್ತಿ ಗೊಂದಲವಾಗುವುದು ಬ್ಲಾಕ್ ಶೆಡ್ಯೂಲ್‌ನಲ್ಲಿ. ಅನೇಕ ಹೈಸ್ಕೂಲುಗಳಲ್ಲಿ ಎಲ್ಲ ವಿಷಯವೂ ಪ್ರತಿದಿನ ಇರುವುದಿಲ್ಲ. ಒಂದು ದಿನ 1, 3, 5ನೇ ಪೀರಿಯಡ್, ಮರುದಿನ 2, 4, 6. ಒಂದೊಂದೂ ಸುಮಾರು ಒಂದೂವರೆ ಗಂಟೆ. ಕೆಲವು ಶಾಲೆಗಳಲ್ಲಿ ಸೋಮವಾರ ಮಾತ್ರ ಆರೂ ಪೀರಿಯಡ್, ಚಿಕ್ಕದಾಗಿ. ಸೋಮವಾರ ರಜೆ ಬಂದರೆ ಆ ವಾರದ ಲೆಕ್ಕವೇ ಬದಲಾಗಬಹುದು. ನನ್ನ ಮಗಳು ಅಂಥ ಒಂದು ವಾರ ತಪ್ಪು ಪುಸ್ತಕ ತೆಗೆದುಕೊಂಡು ಹೋಗಿ, ಸಂಜೆ ಅಳುತ್ತಾ ಬಂದಳು. ಆ ವಾರ ಯಾವ ದಿನ ಯಾವ ಪೀರಿಯಡ್ ಎಂದು ಭಾನುವಾರ ರಾತ್ರಿಯೇ ಶಾಲೆಯ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಬ್ಲಾಕ್ ಇರುವಲ್ಲಿ ಒಂದು ದಿನ ರಜೆ ಹಾಕಿದರೆ ಆ ವಿಷಯದ ಎರಡು ದಿನದ ಪಾಠ ತಪ್ಪಿದ ಹಾಗೆ. ಡೆಂಟಿಸ್ಟ್ ಅಪಾಯಿಂಟ್‌ಮೆಂಟನ್ನು ಸುಮ್ನೆ ಸಿಕ್ಕಿದ ದಿನಕ್ಕೆ ತೆಗೆದುಕೊಳ್ಳಬೇಡಿ.

ಶಾಲೆ ಶುರುವಾಗುವ ಹೊತ್ತಿಗೆ ಇಲ್ಲಿ ಕಾನೂನೇ ಇದೆ. 2022ರ ಜುಲೈ 1ರಿಂದ ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮೊದಲು, ಮಿಡಲ್ ಸ್ಕೂಲು 8:00ಕ್ಕಿಂತ ಮೊದಲು ಶುರುವಾಗುವಂತಿಲ್ಲ. ಹದಿಹರೆಯದ ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂಬ ಕಾರಣಕ್ಕೆ ತಂದ ಕಾನೂನು. ಹಳ್ಳಿಗಾಡಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ವಿನಾಯಿತಿ ಇದೆ. 'ಜೀರೋ ಪೀರಿಯಡ್', ಅಂದರೆ ಮೊದಲ ಪೀರಿಯಡ್‌ಗೂ ಮುಂಚಿನ ಹೆಚ್ಚುವರಿ ಕ್ಲಾಸು, ಅದಕ್ಕಿಂತ ಮುಂಚೆ ಇರಬಹುದು, ಆದರೆ ಅದು ಬೇಕಾದವರಿಗೆ ಮಾತ್ರ.

ಕೊನೆಗೆ, 'ಮಿನಿಮಮ್ ಡೇ'. ಆ ದಿನ ಶಾಲೆ ಮಧ್ಯಾಹ್ನದ ಹೊತ್ತಿಗೇ ಬಿಡಬಹುದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ, ಮಗುವನ್ನು ಯಾರು ಕರೆತರುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ. ಯಾರೂ ಸಿಗದಿದ್ದರೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಸಂಕೋಚವಿಲ್ಲದೆ ಕೇಳಿ. ಅದೇ ಶಾಲೆಗೆ ಹೋಗುವ ಕನ್ನಡದ ಮನೆ ನಿಮ್ಮ ಬೀದಿಯಲ್ಲೇ ಇರಬಹುದು.