ಕೇಪುಳದ ಗೆಲ್ಲು ಬೇರು ಬಿಡಬೇಕಾದರೆ

ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ (ಕೆಂಪು ಜಂಬಿಟ್ಟಿಗೆಯ ಬಯಲುಗುಡ್ಡೆಗಳಲ್ಲಿ) ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಕೇಪುಳವನ್ನು (ಇಕ್ಸೋರಾ ಹೂವಿನ ಗಿಡ) ಬುಡಸಮೇತ ಅಗೆದು ತರುವವರೇ ಹೆಚ್ಚು. ಹಾಗೆ ತರಲೇಬೇಡಿ. ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ. ಹಾರೆ ಹಾಕಿದರೆ ತಾಯಿಬೇರು ತುಂಡಾಗುತ್ತದೆ, ಗಿಡ ಗುಡ್ಡೆಗೂ ಇಲ್ಲ, ಮನೆಗೂ ಇಲ್ಲ. ನಾಲ್ಕು ಗೆಲ್ಲು (ರೆಂಬೆ) ತಂದರೆ ಸಾಕು.

ಮೊದಲು ಕಾಲ. ಜೂನ್, ಜುಲೈಯ ಜಡಿಮಳೆಗೆ ನೆಟ್ಟ ಗೆಲ್ಲು ಬುಡದಿಂದ ಕಪ್ಪಾಗಿ ಕೊಳೆಯುತ್ತದೆ. ತುಳು ತಿಂಗಳು ಆಟಿ ಕಳೆದು, ಆಗಸ್ಟ್ ನಡುವಿಗೆ ಸೋಣ ಬರಲಿ. ಮಳೆ ಇಳಿದಿರುತ್ತದೆ, ತೇವ ಉಳಿದಿರುತ್ತದೆ.

ಎರಡನೆಯದು ಗೆಲ್ಲಿನ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ಎಳೆ ಹಸಿರು ತುದಿ ಬಾಡುತ್ತದೆ, ಬಲಿತ ಕಂದು ಕಟ್ಟಿಗೆ ಬೇರು ಬಿಡಲು ಸತಾಯಿಸುತ್ತದೆ. ಹಸಿರು ಕಂದಿಗೆ ತಿರುಗುತ್ತಿರುವ, ಹೂವಿಲ್ಲದ ಭಾಗವನ್ನು 12–15 ಸೆಂ.ಮೀ. ಉದ್ದಕ್ಕೆ, ಎಲೆ ಹುಟ್ಟುವ ಗಂಟಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಮೊಂಡು ಕತ್ತರಿ ತೊಗಟೆಯನ್ನು ಜಜ್ಜುತ್ತದೆ, ಕೊಳೆತ ಅಲ್ಲಿಂದಲೇ ಶುರು. ಮೇಲಿನ ಒಂದು ಜೋಡಿ ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಬಿಟ್ಟ ಎಲೆಗಳನ್ನೂ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಗೆಲ್ಲಿಗೆ ಇಡೀ ಎಲೆಯ ನೀರಿನ ಖರ್ಚು ತೂಗಿಸಲಾಗದು.

ಹೊಳೆಯ ಹೊಯಿಗೆ (ಮರಳು) ಮತ್ತು ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ಚಟ್ಟಿಗೆ (ಕುಂಡಕ್ಕೆ) ತುಂಬಿ. ಕಡಲ ಹೊಯಿಗೆ ಬೇಡ, ಉಪ್ಪೂ ಚಿಪ್ಪಿನ ಸುಣ್ಣವೂ ಇರುತ್ತದೆ. ಕಡ್ಡಿಯಿಂದ ತೂತು ಮಾಡಿ, ಎರಡು ಗಂಟು ಒಳಗೆ ಹೋಗುವಂತೆ ಗೆಲ್ಲು ಇಳಿಸಿ, ಸುತ್ತ ಒತ್ತಿ. ಬೇರು ಬರಿಸುವ ಪುಡಿ ಹಚ್ಚಿದರೆ ಒಳ್ಳೆಯದು. ಆದರೆ ತಯಾರಿಯ ತಾರೀಕಿಲ್ಲದ ಬಿಡಿ ಪೊಟ್ಟಣಗಳನ್ನು ನಂಬಬೇಡಿ, ಹಳೆಯ ಪುಡಿಗೆ ಸತ್ವ ಇರುವುದಿಲ್ಲ. ಒಮ್ಮೆ ನೀರು ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಿಸಿಲೂ ಮಳೆಯೂ ನೇರ ಬೀಳದ ಜಗಲಿಯಲ್ಲಿಡಿ.

ಚಿಗುರು ಕಂಡ ಕೂಡಲೇ ಕೀಳಬೇಡಿ. ಗೆಲ್ಲಿನೊಳಗಿನ ದಾಸ್ತಾನಿನಿಂದಲೇ ಎರಡು ಎಲೆ ಬಂದಿರಬಹುದು. ಬೇರಿಗೆ ಆರರಿಂದ ಎಂಟು ವಾರ ಬೇಕು. ಚಟ್ಟಿಯ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲಷ್ಟೇ ಬೇರೆ ಚಟ್ಟಿಗೆ ಬದಲಿಸಿ.

ನೆಲದಲ್ಲಿ ನೆಡುವಾಗ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ, ಸಿಮೆಂಟ್ ಗೋಡೆಯಿಂದ ಎರಡು ಅಡಿ ದೂರವಿರಲಿ. ಕೇಪುಳಕ್ಕೆ ಹುಳಿ (ಆಮ್ಲೀಯ) ಮಣ್ಣೇ ಆಗಬೇಕು. ಗಾರೆಯ ಸುಣ್ಣ ಸೇರಿದ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ದಕ್ಕದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಒಲೆಯ ಬೂದಿಯೂ ಇದೇ ಕೆಡುಕು ಮಾಡುತ್ತದೆ, ಅದನ್ನು ತೆಂಗಿನ ಬುಡಕ್ಕೆ ಹಾಕಿ. ಹಳದಿ ಬಂದಿದ್ದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಬೇಲಿಯೆಂದು ತಿಂಗಳಿಗೊಮ್ಮೆ ಸಮತಟ್ಟಾಗಿ ಕತ್ತರಿಸಿದರೆ ಮೊಗ್ಗೂ ಹೋಗುತ್ತದೆ. ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಒಂದು ಜೋಡಿ ಎಲೆಯವರೆಗೆ ಮಾತ್ರ ತೆಗೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಕೆಲವು ಗೊಂಚಲು ಹಾಗೇ ಇರಲಿ, ಕೆಂಪು ಕಾಯಿ ಕಪ್ಪಾದಾಗ ತಿನ್ನಲು ಸಿಹಿ.