ರೇಯಿಸ್ ಮಾಗೋಸ್: ಕಥೆಗಳನ್ನು ಕಲ್ಲಿನ ಮುಂದೆ ನಿಲ್ಲಿಸಿ ನೋಡಿದ ಅನುಭವ

ವಾಸ್ಕೋದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳನ್ನು ರಜೆಯ ದಿನಗಳಲ್ಲಿ ಗೋವೆಯ ಹಳೆಯ ತಾಣಗಳಿಗೆ ಕರೆದೊಯ್ಯುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡುತ್ತಾ ಬಂದಿದ್ದೇನೆ. ಅವುಗಳಲ್ಲಿ ಪಣಜಿಯ ಎದುರು ದಡದ ರೇಯಿಸ್ ಮಾಗೋಸ್ ಕೋಟೆಯ ಮೇಲೆ ನನಗೆ ವಿಶೇಷವಾದ ಪ್ರೀತಿ. ನನ್ನೊಡನೆ ಬರುವವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗದ ಕಡೆಯವರು. ಪೋರ್ಚುಗೀಸರ ಕೋಟೆಯೆಂದೇ ಹೆಸರಾದ ಈ ಜಾಗದಲ್ಲಿ ಮೊದಲು ಕಾವಲು ಕೂತವರು ಬಿಜಾಪುರದ ಆದಿಲ್ ಶಾಹಿ ಸೈನಿಕರೆಂದು ತಿಳಿದಾಗ ಅವರು ಇದನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ನಾನು ಯಾರನ್ನೂ ನೇರವಾಗಿ ಕೋಟೆಯ ಬಾಗಿಲಿಗೆ ಕರೆದೊಯ್ಯುವುದಿಲ್ಲ. ಪಣಜಿಯಿಂದ ಬೆತಿಗೆ ಹೋಗುವ ಫೆರಿಯನ್ನು ಹತ್ತಿಸಿ, ನಡುನೀರಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲುವಂತೆ ಹೇಳುತ್ತೇನೆ. ಖಾನಾಪುರದ ಕಾಡುಗಳಲ್ಲಿ ಹುಟ್ಟಿದ ಮಹದಾಯಿ ಇಲ್ಲಿ ಮಾಂಡವಿಯಾಗಿ ಸಮುದ್ರ ಸೇರಲು ಹೊರಟಿರುತ್ತದೆ. ಬಲದಂಡೆಯಲ್ಲಿ ಒಂದು ಗುಡ್ಡ ನದಿಯತ್ತ ಚಾಚಿಕೊಂಡು ಹರಿವಿನ ದಾರಿಯನ್ನು ಕಿರಿದಾಗಿಸುತ್ತದೆ. ಕಡಲಿನಿಂದ ಒಳಬರುವ ಯಾವ ಹಡಗೂ ಆ ಗುಡ್ಡದ ತೋಪುಗಳ ಕಣ್ಣು ತಪ್ಪಿಸಿ ಸಾಗುವಂತಿರಲಿಲ್ಲ. ಇಷ್ಟು ಕಣ್ಣಿಗೆ ಬಿದ್ದ ಮೇಲೆ ಕೋಟೆ ಅಲ್ಲೇ ಏಕೆ ಎದ್ದಿತು ಎಂದು ನಾನು ವಿವರಿಸಬೇಕಾಗುವುದಿಲ್ಲ.

ಈ ಕೋಟೆಯಿರುವ ಬಾರ್ದೇಜ್ ಸೀಮೆಯನ್ನು ಇಬ್ರಾಹಿಂ ಆದಿಲ್ ಶಾಹ 1543ರಲ್ಲಿ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1551ರಲ್ಲಿ ವೈಸ್‌ರಾಯ್ ಅಫೋನ್ಸೊ ದೆ ನೊರೊನ್ಹಾನ ಕಾಲಕ್ಕೆ ಇಲ್ಲಿ ಕೋಟೆ ಎದ್ದಿತು. 1707ರಲ್ಲಿ ಅದನ್ನು ಹಿಗ್ಗಿಸಿ ಕಟ್ಟಿದರು. ಜಂಬಿಟ್ಟಿಗೆಯ ಇಳಿಜಾರು ಗೋಡೆಗಳು, ಮೂಲೆಗಳಲ್ಲಿ ನದಿಯತ್ತ ಬಾಗಿದ ದುಂಡನೆಯ ಕಾವಲು ಗೂಡುಗಳು ಇಂದಿಗೂ ಗಟ್ಟಿಯಾಗಿವೆ. 1739ರಲ್ಲಿ ಸಾವಂತವಾಡಿಯ ಭೋಂಸಲೆಗಳು ಬಾರ್ದೇಜನ್ನು ಆಕ್ರಮಿಸಿದಾಗ ಅವರ ಕೈಗೆ ಸಿಗದೆ ಉಳಿದದ್ದು ಆಗ್ವಾದ ಮತ್ತು ಇದು, ಎರಡೇ ಕೋಟೆಗಳು.

ಕೋಟೆಗಿಂತ ಮೊದಲು ಗುಡ್ಡದ ಬುಡದ ಚರ್ಚಿನಲ್ಲಿ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ, ಏಕೆಂದರೆ ಕಥೆಗಳು ದಟ್ಟವಾಗಿರುವುದು ಅಲ್ಲಿಯೇ. ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳು 1555ರಲ್ಲಿ ಕಟ್ಟಿದ ಈ ಚರ್ಚಿನ ಮೆಟ್ಟಿಲುಗಳ ಬಳಿ ಸಿಂಹಗಳ ಕೆತ್ತನೆಗಳಿವೆ. ಇಲ್ಲಿ ಮೊದಲು ದೇವಸ್ಥಾನವಿತ್ತು, ಈ ಸಿಂಹಗಳು ಅದರದೇ ಎಂದು ಊರಿನವರು ಹೇಳುತ್ತಾರೆ. ನಾನು ಆ ಮಾತನ್ನು ಹೇಳಿ ಮುಂದೆ ಸಾಗದೆ, ಹಂಪೆಯನ್ನು ಕಂಡವರು ಯಾರಿದ್ದರೂ ಬಂದು ಆ ಕೆತ್ತನೆಯನ್ನು ಹತ್ತಿರದಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಗೋವೆಯನ್ನು ಗೆಲ್ಲುವವರೆಗೆ ಇದು ವಿಜಯನಗರದ ಆಳ್ವಿಕೆಯಲ್ಲಿದ್ದ ನೆಲವಾದ್ದರಿಂದ ಊರಿನ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ.

ಒಳಗಿನ ಗೋರಿಕಲ್ಲೊಂದರ ಮುಂದೆ ಮಾತ್ರ ನಾನು ಹರಡಿರುವ ಕಥೆಯನ್ನು ತಿದ್ದುತ್ತೇನೆ. ಅದು ವೈಸ್‌ರಾಯ್ ಲೂಯಿಸ್ ದೆ ಅತಾಯಿದೆಯದು. ತಾಳಿಕೋಟೆಯ ಕಾಳಗದಲ್ಲಿ ಗೆದ್ದ ಅಲಿ ಆದಿಲ್ ಶಾಹ 1570ರಲ್ಲಿ ಗೋವೆಗೆ ಮುತ್ತಿಗೆ ಹಾಕಿದಾಗ, ಪಟ್ಟಣವನ್ನು ತಿಂಗಳುಗಟ್ಟಲೆ ಕೈಬಿಡದೆ ಕಾದವನು ಇವನೇ. ಗೋರಿ ಇಲ್ಲಿರುವುದರಿಂದ ಮುತ್ತಿಗೆಯೂ ಈ ಕೋಟೆಯ ಮೇಲೆಯೇ ನಡೆಯಿತೆಂದು ಅನೇಕರು ನಂಬಿದ್ದಾರೆ. ಆದರೆ ಬಿಜಾಪುರದ ದಂಡು ಘಟ್ಟ ಇಳಿದು ಬಂದು ಬೀಡುಬಿಟ್ಟದ್ದು ಅಂದಿನ ಗೋವಾ ಪಟ್ಟಣವಿದ್ದ ದ್ವೀಪದ ಮೂಡಣಕ್ಕೆ, ಬಾನಸ್ತಾರಿಯ ಕಡೆಗೆ. ಅತಾಯಿದೆ ಎರಡನೆಯ ಬಾರಿ ವೈಸ್‌ರಾಯ್ ಆಗಿ ಬಂದು ಗೋವೆಯಲ್ಲೇ ತೀರಿಕೊಂಡದ್ದರಿಂದ ಅವನ ಕಲ್ಲು ಈ ಚರ್ಚಿನಲ್ಲಿದೆ. ಬಿಜಾಪುರದ ಸುಲ್ತಾನನನ್ನು ತಡೆದವನ ಗೋರಿಯ ಮುಂದೆ ವಿಜಯಪುರದ ಹಿರಿಯರು ನಿಂತು ಆ ಲಿಪಿಯನ್ನು ದಿಟ್ಟಿಸುವುದನ್ನು ಕಂಡಾಗಲೆಲ್ಲ, ನಮ್ಮ ಚರಿತ್ರೆ ರಾಜ್ಯದ ಗಡಿಯಲ್ಲಿ ನಿಂತುಹೋಗಿಲ್ಲವೆಂದು ನನಗೆ ಮನವರಿಕೆಯಾಗುತ್ತದೆ.

ಮೇಲೆ ಕೋಟೆಯಲ್ಲಿ ಮಕ್ಕಳು ಮೊದಲು ಹುಡುಕುವುದು ಪ್ರವೇಶದ ಹಾದಿಯ ಮೇಲ್ಭಾಗದಲ್ಲಿರುವ ಕಂಡಿಯನ್ನು. ಒಳನುಗ್ಗಿದ ಶತ್ರುವಿನ ತಲೆಯ ಮೇಲೆ ಅಲ್ಲಿಂದ ಕಾದ ಎಣ್ಣೆ ಸುರಿಯುತ್ತಿದ್ದರೆಂಬ ಕಥೆ ಅವರಿಗೆ ಬಹಳ ಹಿಡಿಸುತ್ತದೆ. ಒಬ್ಬರನ್ನು ಕೆಳಗೆ, ಇನ್ನೊಬ್ಬರನ್ನು ಮೇಲೆ ನಿಲ್ಲಿಸಿದರೆ ಆ ಕಂಡಿಯಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಆದರೆ ಇಲ್ಲಿ ನಿಜವಾಗಿ ಜನರ ಬದುಕನ್ನು ನುಂಗಿದ್ದು ಸೆರೆಮನೆ. 1993ರವರೆಗೂ ಈ ಕೋಟೆ ಕಾರಾಗೃಹವಾಗಿತ್ತು. ಗೋವೆಯ ವಿಮೋಚನೆಗಾಗಿ ಹೋರಾಡಿದವರನ್ನು ಪೋರ್ಚುಗೀಸರು ಇಲ್ಲಿಯೂ ಕೂಡಿಹಾಕಿದ್ದರು. ಪಾಳುಬಿದ್ದಿದ್ದ ಕಟ್ಟಡವನ್ನು 2008ರಿಂದ ದುರಸ್ತಿ ಮಾಡಿ 2012ರಲ್ಲಿ ಜನರಿಗೆ ತೆರೆದರು. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಅವರ ಚಿತ್ರಗಳ ಕೋಣೆಯಲ್ಲಿ ಎಲ್ಲರೂ ನಗುತ್ತಾ ನಿಲ್ಲುತ್ತಾರೆ. ಸ್ವಾತಂತ್ರ್ಯ ಹೋರಾಟದ ಕೋಣೆಗೆ ನಾನು ಅವರನ್ನು ಕರೆದೇ ಒಯ್ಯಬೇಕಾಗುತ್ತದೆ, ಒಯ್ಯುತ್ತೇನೆ ಕೂಡ.

ಹೋಗಬಯಸುವವರು ಮಳೆಗಾಲ ಕಳೆದ ಮೇಲೆ, ಬೆಳಗಿನ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಮಧ್ಯಾಹ್ನ ಕಲ್ಲು ಕಾದು ಹಿರಿಯರಿಗೆ ಏರು ಕಷ್ಟವಾಗುತ್ತದೆ. ಒಂದೇ ದಿನವನ್ನು ಆರಿಸಿಕೊಳ್ಳಬೇಕಾದರೆ ಜನವರಿ 6ನ್ನು ಆರಿಸಿ. ಶಿಶು ಯೇಸುವನ್ನು ಕಾಣಲು ಹೋದ ಮೂವರು ರಾಜರ ಹಬ್ಬ ಅಂದು; ‘ರೇಯಿಸ್ ಮಾಗೋಸ್’ ಎಂಬ ಹೆಸರು ಆ ರಾಜರದೇ. ಊರಿನ ಹುಡುಗರೇ ರಾಜರ ವೇಷ ತೊಟ್ಟು ಚರ್ಚಿಗೆ ಬರುತ್ತಾರೆ.